ತಿಳಿನೀರು ಏರಿದ ದಿನ

ಮಳೆಯಲ್ಲಿ ನೆನೆದು ಬಂದ ಮೊಮ್ಮಗಳು ತನ್ನ ಉಣ್ಣೆಯ ಕೋಟನ್ನು ಬಾಗಿಲ ಮೊಳೆಗೆ ತೂಗುಹಾಕಿದಳು. ಒದ್ದೆ ಉಣ್ಣೆಯ ವಾಸನೆ ಮನೆಯೆಲ್ಲ ಹರಡಿತು. ಅವಳಿಗೆ ಅದು ಹಾರಿಬಲ್ ಸ್ಮೆಲ್. ನಾನು ಮಾತ್ರ ಚಹಾ ಕೆಳಗಿಟ್ಟು ಎದ್ದು ಹೋಗಿ ಅದರ ತೋಳಿಗೆ ಮೂಗು ಹಚ್ಚಿದೆ. ಅಂಥದೇ ವಾಸನೆಯ ಕರಿ ಕೋಟಿಗೆ ಕೆನ್ನೆ ಒತ್ತಿಕೊಂಡು ನಾನು ಒಮ್ಮೆ ನೀರು ದಾಟಿದ್ದೆ...

ಅದು ಗಾರ್ಡ್ ಕಾಕಾರ ಕೋಟು. ವಾಡಿ ಜಂಕ್ಷನ್ನಿನಲ್ಲಿ ಅವರದು ನಮ್ಮ ಪಕ್ಕದ ಮನೆ. ನಿಜಾಮರ ಕಾಲ; ನನಗೆ ಹನ್ನೊಂದು ವರ್ಷ, ಸಿಕಂದರಾಬಾದಿನ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಕಾಕಾ ರೈಲಿನ ಗಾರ್ಡ್ ಆಗಿದ್ದು ಅದೇ ವರ್ಷ ರಿಟೈರ್ ಆಗಿದ್ದರು. ಗಂಡ-ಹೆಂಡತಿ ಇಬ್ಬರೂ ಶಹಾಬಾದಿನ ಹತ್ತಿರದ ಭಂಕೂರದವರು, ಕಾಗಿಣಾ ಹೊಳೆ ನೋಡಿ ಬೆಳೆದವರು. ಮಕ್ಕಳಿರಲಿಲ್ಲ. ಅವರ ಹೆಂಡತಿ ಕಾಕುಗೆ ಒಂದೇ ಹಟ.

"ಮೂವತ್ತ ವರ್ಷ ಹಸರ ಝಂಡಾ ತೋರಿಸಿ ಮಂದೀನೆಲ್ಲ ಊರೂರಿಗಿ ಕಳಿಸಿದ್ರಿ. ನನಗ ಒಂದ್ಸಲ ಸಮುದ್ರ ತೋರಸ್ರಿ."

ಹಾಗೆ ಮುಂಬಯಿಗೆ ಹೊರಟವರು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಂದ ಒಂದು ಬೆಳಿಗ್ಗೆ ಹಾಯಿದೋಣಿಯಲ್ಲಿ, ಹೆಸರು ಮರೆತುಹೋದ ಯಾವುದೋ ನಡುಗಡ್ಡೆಗೆ. ತೆಂಗಿನ ಮರಗಳು, ಕಪ್ಪು ಬಂಡೆಗಳು. ದಂಡೆಗುಂಟ ಸುತ್ತಿ, ಮಧ್ಯಾಹ್ನದ ದೋಣಿಗೆ ಮರಳುವುದು ನಮ್ಮ ಪ್ಲಾನ್. ಕಾಕಾ ಕಂಡ ಕಂಡ ಕಲ್ಲನ್ನೆಲ್ಲ ಬಡಿಗೆಯಿಂದ ಕುಟ್ಟಿ ನೋಡಿ, ನಮ್ಮ ಶಾಬಾದ್ ಫರ್ಸಿಕಲ್ಲಿನ ಮುಂದೆ ಇದು ಏನೂ ಅಲ್ಲ ಅನ್ನುತ್ತಿದ್ದರು.

ಲಿಂಗಪೂಜೆಯಾಗದೆ ಕಾಕು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಜನರಿಲ್ಲದ ಜಾಗ ಹುಡುಕುತ್ತ ನಾವು ಹಸಿ ಮರಳಿನ ಮೇಲೆ ನಡೆದು, ದಂಡೆಯಿಂದ ನೂರು ಹೆಜ್ಜೆ ಆಚೆಗಿದ್ದ ಒಂದು ಚಪ್ಪಟೆ ಬಂಡೆ ಹತ್ತಿದೆವು. ಕಾಕು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತರು. ಇನ್ನು ಅವರನ್ನು ಮಾತಾಡಿಸುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಆ ಕಣ್ಣು ಅಂಗೈ ಬಿಟ್ಟು ಏಳುತ್ತಿರಲಿಲ್ಲ.

ನಾನು ಕಾಲು ಇಳಿಬಿಟ್ಟು ಕುಳಿತಿದ್ದೆ. ಪಾದ ನೆನೆಯಿತು. ಸ್ವಲ್ಪ ಹೊತ್ತಿಗೆ ಮೀನಖಂಡವೂ...

"ಕಾಕಾ, ನೀರು ಮ್ಯಾಲ ಬರಾಕತ್ತದ."

ಅವರು ಬಗ್ಗಿ, ಹೊಳೆಯ ದಂಡೆಯವರು ನೋಡುವ ಹಾಗೆ, ನೀರಿನ ಬಣ್ಣ ನೋಡಿದರು. "ರಾಡಿ ಎಲ್ಲದ? ಕಸಕಡ್ಡಿ ಎಲ್ಲದ? ತಿಳಿನೀರು ಅದ. ತಿಳಿನೀರು ಏರಂಗಿಲ್ಲವ್ವ. ಸುಮ್ನ ಕುಂದರು, ನಿಮ್ಮ ಕಾಕೂಂದು ಆಗ್ಲಿ."

ದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಎರಡೂ ಕೈ ಬೀಸಿ ಕೂಗಿದಳು. ಗಾಳಿಗೆ ಮಾತು ಕೇಳಿಸಲಿಲ್ಲ. ಕಾಕಾ ಎದ್ದು ನಿಂತು, ಪಾಪ, ಸಿಗ್ನಲ್ಲಿಗೆ ಉತ್ತರ ಕೊಡುವವರಂತೆ ತಾವೂ ಕೈ ಎತ್ತಿದರು. ಅವಳು ಬುಟ್ಟಿ ಎಸೆದು ಓಡತೊಡಗಿದಾಗಲೇ ಅವರ ಮುಖ ಬದಲಾದದ್ದು. ತಿರುಗಿ ನೋಡಿದರೆ ನಾವು ನಡೆದು ಬಂದ ಮರಳೇ ಇರಲಿಲ್ಲ.

ಪೂಜೆ ಮುಗಿಸಿ ಕಾಕು ತಲೆ ಎತ್ತಿದರು. ಸುತ್ತ ನೋಡಿದರು. ಮಂಡಿನೋವಿನ ಹೆಂಗಸು, ನೀರಲ್ಲಿ ನಡೆಯುವುದು ದೂರದ ಮಾತು. ಕಾಕಾಗೆ ಈಜು ಬರುತ್ತಿರಲಿಲ್ಲ. ಒಬ್ಬರನ್ನು ಹೊರಬಹುದು, ಅಷ್ಟೇ.

"ಮಂದಿ ಮಗಳ ಅದ. ಮೊದಲ ಅದ್ಕ ದಾಟಸ್ರಿ," ಅಂದರು ಕಾಕು.

"ನೀ?"

"ನಾ ಎಲ್ಲಿಗಿ ಹೋಗ್ತೀನ್ರಿ? ಹೋಗ್ರಿ ಲಗೂನ."

ಕಾಕಾ ನನ್ನನ್ನು ಹೆಗಲಿಗೇರಿಸಿಕೊಂಡು ಇಳಿದರು. ನೀರು ಅವರ ಸೊಂಟಕ್ಕೆ ಬಂತು, ನಡುನಡುವೆ ಎದೆಗೂ. ಆ ಕೋಟಿಗೆ ಮುಖ ಒತ್ತಿದಾಗಲೇ ನನಗೆ ನೆನಪಾದದ್ದು: ಟೈಡ್ಸ್! ಚಂದ್ರನ ಸೆಳೆತಕ್ಕೆ ಸಮುದ್ರ ದಿನಾ ಏರಿ ಇಳಿಯುತ್ತದೆಂದು ಆ ಟರ್ಮಿನಲ್ಲಿ ಜಿಯಾಗ್ರಫಿಯ ಸಿಸ್ಟರ್ ಕಲಿಸಿದ್ದರು. ಚಂದ್ರನನ್ನು ಹಳದಿ ಪೆನ್ಸಿಲ್ಲಿನಲ್ಲಿ ಬರೆದು ವೆರಿ ಗುಡ್ ಅನ್ನಿಸಿಕೊಂಡಿದ್ದೆ. ಇಂಗ್ಲಿಷ್ ಪುಸ್ತಕದ ಆ ನೀರಿಗೂ ನನ್ನ ಕಾಲು ನೆನೆಸಿದ ಈ ನೀರಿಗೂ ಸಂಬಂಧವಿದೆಯೆಂದು ಅಲ್ಲಿಯತನಕ ಹೊಳೆದೇ ಇರಲಿಲ್ಲ.

ನನ್ನನ್ನು ದಂಡೆಗಿಳಿಸಿ ಕಾಕಾ ಮತ್ತೆ ನೀರಿಗೆ ನುಗ್ಗಿದರು. ಅರ್ಧ ದಾರಿಗೇ ನೀರು ಗದ್ದ ಮುಟ್ಟಿತು. ಹಿಂದೆ ಬಂದರು. ಮತ್ತೆ ಹೋದರು, ಮತ್ತೆ ಹಿಂದೆ ಬಂದರು. ಅಲ್ಲಿ ಕಾಕು ಒಂದು ಕೈಯಲ್ಲಿ ಕರಡಿಗೆ ಹಿಡಿದು ನಿಂತಿದ್ದರು, ಸೀರೆ ಮೊಣಕಾಲಿನ ತನಕ ಒದ್ದೆ. ಕೂಗಲೂ ಇಲ್ಲ, ಕರೆಯಲೂ ಇಲ್ಲ. ಕೂಗಿದವರು ಕಾಕಾ. ಹೆಂಡತಿಯ ಹೆಸರು ಹಿಡಿದು ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ...

ಆ ಹೆಂಗಸು ಕರೆತಂದ ಮೀನುಗಾರರ ದೋಣಿ ಬಂಡೆ ಮುಟ್ಟುವಷ್ಟರಲ್ಲಿ ಅಲೆಗಳು ಕಾಕುವಿನ ಸೊಂಟಕ್ಕೆ ಬಡಿಯುತ್ತಿದ್ದವು.

ವಾಡಿಗೆ ಬಂದ ಮೇಲೆ ಕಾಕು ಅದನ್ನು ತಮಾಷೆ ಮಾಡಿದರು. "ಗಾರ್ಡ್ ಆದವ ಕಡೀ ಡಬ್ಬ್ಯಾಗ ಇರಬೇಕವ್ವ. ನಮ್ಮ ಗಾರ್ಡ್ ಸಾಹೇಬ್ರು ಕಡೀ ಡಬ್ಬೀನೇ ಬಿಟ್ಟು ಗಾಡಿ ಒಯ್ದ್ರು!" ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಕಾಕಾ ಎದ್ದು ಹೊರಗೆ ಹೋಗುತ್ತಿದ್ದರು.

ನಾನು ಸ್ಕೂಲಿಗೆ ಹೊರಡುವ ಹಿಂದಿನ ದಿನ ಅವರು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು, ದನಿ ತಗ್ಗಿಸಿ ಕೇಳಿದರು: "ಅವ್ವ, ಮಳಿ ಇಲ್ಲ, ರಾಡಿ ಇಲ್ಲ. ತಿಳಿನೀರು ಹ್ಯಾಂಗ ಏರ್ತು? ನಿಮ್ಮ ಸಾಲ್ಯಾಗ ಏನರ ಹೇಳ್ಯಾರೇನು?"

ಹೇಳಿದರೆ, ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. "ಇಲ್ಲ ಕಾಕಾ, ಗೊತ್ತಿಲ್ಲ," ಅಂದೆ.

ಆಮೇಲೆ ನಿಜಾಮರ ಸೀಮೆಯಲ್ಲಿ ಗಲಾಟೆಯ ದಿನಗಳು ಬಂದವು. ಅಪ್ಪ ನಮ್ಮನ್ನೆಲ್ಲ ಸೋಲಾಪುರಕ್ಕೆ ಸಾಗಿಸಿದರು. ಎಲ್ಲ ಅಡಗಿದ ಮೇಲೆ, ಅವರು ವಾಡಿ ಬಿಟ್ಟು ಊರು ಸೇರಿದ್ದಾರೆಂದು ಕೇಳಿ ಭಂಕೂರಕ್ಕೆ ಹೋದರೆ ಕಾಕಾ ಇರಲಿಲ್ಲ. ಕಾಕು ಒಬ್ಬರೇ ಇದ್ದರು.

"ಕಡೀಕ ಅವರಿಗಿ ಒಂದು ಹುಚ್ಚು ಹಿಡದಿತ್ತವ್ವ," ಅಂದರು. "ಬ್ಯಾಸಗ್ಯಾಗ ಹೊಳಿಗಿ ಹೋಗಿ, ಕಲ್ಲಿಗಿ ಸುಣ್ಣದ ಗೆರಿ ಹೊಡದು, ಹೊತ್ತು ಮುಳಗತನ ಕುಂದರ್ತಿದ್ರು. ಮನಿಗಿ ಬಂದು, ಇವತ್ತೂ ಏರ್ಲಿಲ್ಲ ನೋಡು, ಅಂತಿದ್ರು."

ಅಂದೂ ನಾನು ಚಂದ್ರನ ಮಾತು ಎತ್ತದೆ, ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ. ಈಗ ಕಾಕುವೂ ಇಲ್ಲ. ಅವರಿಬ್ಬರ ಅಂದಿನ ವಯಸ್ಸನ್ನು ನಾನು ದಾಟಿ ಎಷ್ಟೋ ಕಾಲವಾಯಿತು. ಚಂದ್ರ ಎಳೀತಾನ್ರಿ ಕಾಕಾ, ನಿಮ್ಮದೇನೂ ತಪ್ಪಿಲ್ಲ... ಇಷ್ಟೇ ಹೇಳಬೇಕಾಗಿತ್ತು.