ಹಿಟ್ಟಿನ ಹಡಗಿಗೆ ಕೂಗಿದ್ದು

ಮೋಟೆಬೆನ್ನೂರಿನ ಬೀರವ್ವನ ಗಂಡ ಭರಮಣ್ಣನಿಗೆ ಊರ ಕೆರೆಯಲ್ಲಿ ಈಜಲೂ ಬರುತ್ತಿರಲಿಲ್ಲ. ಅಂಥ ಪುಣ್ಯಾತ್ಮ ಬ್ಯಾಡಗಿಯಿಂದ ಮೆಣಸಿನಕಾಯಿ ಲಾರಿ ಹತ್ತಿ ಮಂಗಳೂರಿಗೆ ಹೋದವನು, ಸರಕು ಸಾಗಿಸುವ ಹಾಯಿಹಡಗಿನಲ್ಲಿ ಅಡುಗೆಯವನಾಗಿ ನಿಂತುಬಿಟ್ಟ. ಬೀರವ್ವ ಜಗಳಾಡಿ ಸೋತು, ಹೊಲ ತಾನೇ ನೋಡಿಕೊಂಡಳು.

ಹೋದ ವರ್ಷ ಪರದೇಶದ ಯುದ್ಧವೊಂದರಲ್ಲಿ ಅಲ್ಲಿಯ ನೌಕಾಪಡೆ ಆ ಹಡಗನ್ನು ಹಿಡಿಯಿತು. ಸರಕು ಇಳಿಸಿಕೊಂಡು, ಬಂದೂಕಿನವರನ್ನು ಒಳಗೆ ಅಡಗಿಸಿ, ಶತ್ರುಗಳ ಬಂದರಿನ ಬಾಯಿಗೆ ಕಾವಲು ನಿಲ್ಲಿಸಿತು. ಆ ಊರಿಗೆ ಕಾಳುಕಡಿ ಹೋಗಬಾರದು, ಅಷ್ಟೇ. ನೋಡಿದವರಿಗೆ ಅದು ಇನ್ನೂ ವ್ಯಾಪಾರದ ಹಡಗೇ. ಹಳೆಯ ಆಳುಗಳನ್ನೂ ಅದರಲ್ಲೇ ಇಟ್ಟುಕೊಂಡಿದ್ದರು.

ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಭರಮಣ್ಣ ಕಾವಲಿನವರ ಕಣ್ಣು ತಪ್ಪಿಸಿ ಫೋನು ಮಾಡಿದ. ಬೀರವ್ವ ಕಣದಲ್ಲಿದ್ದಳು. ರಾಶಿ ಮನೆಗೆ ಹೋಗುವ ಮೊದಲು ಕಣಕ್ಕೆ ಬಂದವರಿಗೆಲ್ಲ ಕಾಳು ಕೊಡುವುದು ಅಲ್ಲಿಯ ರೂಢಿ. ಮುದುಕನೊಬ್ಬ ಜೋಳಿಗೆ ಹಿಡಿದು ನಿಂತಿದ್ದ.

“ಜೀವಂತ ಅದೇನಿ, ಬೀರಿ. ಹಿಟ್ಟಿನ ಹಡಗದಾಗೂ ನಮ್ಮ ದೇಶದ ಆಳ ಇರ್ತಾವ. ನಾಳಿಂದ ಅಂಥಾ ಹಡಗ ಕಂಡ್ರ ನಾ ಹಿಂದಿಯೊಳಗ ಕೂಗಿ ಕರೀಬೇಕಂತ. ನಂಬಿ ಹತ್ತಿರ ಬಂದ್ರ ಹಿಡೀತಾರ. ಒಲ್ಲೆ ಅಂದ್ರ ನನ್ನ ಉಳಸಂಗಿಲ್ಲ. ಕಣಕ್ಕ ಬಂದವರನ್ನ ಬರಿಗೈಲೆ ಕಳಿಸಿದ ಮನಿತನ ಅಲ್ಲ ನಮ್ಮದು. ಏನ್ ಮಾಡ್ಲಿ, ನೀನ ಹೇಳು.”

ಅತ್ತ ದರಿ, ಇತ್ತ ಪುಲಿ. ಬೀರವ್ವ ಹೆಚ್ಚು ಯೋಚಿಸಲಿಲ್ಲ.

“ಕೂಗ್ರಿ. ಅವರು ಹೇಳಿದಂಗ ಮಾಡ್ರಿ. ನನಗ ನೀವು ಬೇಕು.”

ಫೋನು ಕಡಿಯಿತು. ಮುದುಕನ ಜೋಳಿಗೆಗೆ ಜೋಳ ಹಾಕುವಾಗ ಅವಳು ಅವನ ಮುಖ ನೋಡಲಿಲ್ಲ. ಆದರೂ ಗಂಡ ಇನ್ನೊಮ್ಮೆ ಕೇಳಿದರೆ ಅದನ್ನೇ ಹೇಳುತ್ತಿದ್ದಳು.

ಕೊನೆಗೆ ಎರಡೂ ಕಡೆಯವರು ರಾಜಿಯಾಗಿ ಭರಮಣ್ಣನನ್ನು ಬಿಟ್ಟರು. ಅವನ ಅಣ್ಣ ಚಂದ್ರಪ್ಪ ಹಾವೇರಿ ಸ್ಟೇಷನ್ನಿಗೇ ಹಾರ ಒಯ್ದ. “ನನ್ನ ತಮ್ಮ ಶ್ಯಾಣ್ಯಾ, ಪಾರಾಗಿ ಬಂದ,” ಎಂದು ದಾರಿಯುದ್ದಕ್ಕೂ ಹೇಳಿದ. ಎಲುಬಿಲ್ಲದ ನಾಲಿಗೆ, ಪಾರಾದದ್ದು ಹೇಗೆಂದು ಅದಕ್ಕೇನು ಗೊತ್ತು.

ಮನೆಯಲ್ಲಿ ಭರಮಣ್ಣ ರೊಟ್ಟಿ ಮುರಿದ, ಮತ್ತೆ ತಾಟಿನಲ್ಲೇ ಇಟ್ಟ.

“ಒಬ್ಬಾವ ನನ್ನ ದನಿ ಕೇಳಿ ನಕ್ಕೊಂತ ಬಂದ, ಬೀರಿ. ಭಾಯಿ ಅಂದ. ಅವನ ಹಿಟ್ಟೆಲ್ಲ ಸಮುದ್ರಕ್ಕ ಸುರುವಿದ್ರು.”

ಬೀರವ್ವ ರೊಟ್ಟಿಯನ್ನು ಎತ್ತಿ ಅವನ ಕೈಗಿಟ್ಟಳು.

“ಅವನ್ನ ಕರದಾಕಿ ನಾನು. ಆ ಪಾಪ ನನ್ನ ಪಾಲಿಗಿರಲಿ. ನೀವು ಉಣ್ರಿ.”

ಭರಮಣ್ಣ ಅಳುತ್ತಲೇ ಉಂಡ. ಅವತ್ತು ಬೀರವ್ವನಿಗೆ ಊಟ ಸೇರಲಿಲ್ಲ.