ನಾಲ್ಕು ಇಂಚು ಮೇಲೆದ್ದ ಗಾಲಿಮನೆ

ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆಯೊಂದರ ಅಡಿಯಲ್ಲಿ ನಾನು ಮಲಗಿದ್ದೆ. ಅದರ ಯಜಮಾನಿ, ಒಬ್ಬ ವಿದೇಶಿ ಹೆಂಗಸು, ಮಣ್ಣು ನೆಲದಲ್ಲಿ ತೆವಳಿಕೊಂಡು ನನ್ನ ಪಕ್ಕಕ್ಕೇ ಬಂದುಬಿಟ್ಟರು. ಎಪ್ಪತ್ತರ ದಶಕದಲ್ಲಿ ನಂತೂರಿನ ನಮ್ಮ ಗ್ಯಾರೇಜಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಹೊರಗೆ ಅವರ ಗಂಡ "ನೋ, ನೋ" ಎನ್ನುತ್ತಲೇ ಇದ್ದರು.

ಗೋವೆಯಿಂದ ಕೇರಳಕ್ಕೆ ಹೊರಟವರು. ಗುಂಡಿಗೆ ಇಳಿದಾಗಲೆಲ್ಲ ಟಯರು ಮೇಲಿನ ತಗಡಿಗೆ ಉಜ್ಜಿ, ಒಂದು ಜೋಡಿ ಆಗಲೇ ಹರಿದುಹೋಗಿತ್ತು. ಉಳಿದದ್ದು ಇನ್ನೊಂದೇ ಜೋಡಿ. ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಕೂತಿತ್ತು. ಅದನ್ನು ಪ್ಲೇಟುಗಳ ಕೆಳಗೆ ಕಟ್ಟಿದರೆ ಇಡೀ ಮನೆ ನಾಲ್ಕು ಇಂಚು ಏಳುತ್ತದೆ ಎಂದು ಕೈಸನ್ನೆಯಲ್ಲಿ ತೋರಿಸಿದೆ.

ವೆಲ್ಡಿಂಗ್ ಮಾಡುವ ಅಬ್ಬಾಸ್ ಹೆದರಿದ. "ಎಂತ ಮಾರಾಯ, ಇದು ಲಾರಿಯಲ್ಲ, ಅವರ ಮನೆ. ಹಾಳಾದ್ರೆ ಅವರು ಎಲ್ಲಿ ಮಲಗುದು?"

ಮೇಡಂ ಟಯರು ಮತ್ತು ತಗಡಿನ ಸಂದಿಗೆ ಬೆರಳು ತೂರಿಸಿ ನೋಡಿದರು. ಎರಡು ಬೆರಳೂ ಹಿಡಿಸಲಿಲ್ಲ. ನನ್ನತ್ತ ತಿರುಗಿ, "ಡು ಇಟ್" ಎಂದರು.

ಎರಡು ದಿನ ಹಿಡಿಯಿತು. ಆಕ್ಸಲಿನ ಮೇಲೆ ಪ್ಲೇಟುಗಳು ಕೂರಲು ಹೊಸ ಸೀಟು ವೆಲ್ಡ್ ಮಾಡಿ, ಬೋಲ್ಟು ಬಿಗಿದು, ಪಕ್ಕದ ಕುಲಶೇಖರದವರೆಗೆ ಬೇಕೆಂದೇ ಗುಂಡಿಗಳ ಮೇಲೆ ಓಡಿಸಿದೆವು. ಟಯರು ಎಲ್ಲಿಯೂ ತಾಗಲಿಲ್ಲ! ಬೇಡವೆನ್ನುತ್ತಿದ್ದ ಗಂಡ, ಮೈಯೆಲ್ಲ ಗ್ರೀಸಾಗಿದ್ದ ಅಬ್ಬಾಸನನ್ನು ಅಪ್ಪಿಕೊಂಡೇ ಬಿಟ್ಟರು.

ಅಲ್ಲಿಯವರೆಗೆ ನಾನು ಮುರಿದದ್ದನ್ನಷ್ಟೇ ಜೋಡಿಸುತ್ತಿದ್ದೆ. ಕಂಪೆನಿ ಮಾಡಿದ್ದನ್ನೂ ಬದಲಾಯಿಸಬಲ್ಲೆ ಎಂಬ ಧೈರ್ಯ ಬಂದದ್ದು ಅಂದು. ನನಗೀಗ ವಯಸ್ಸು ಎಪ್ಪತ್ತು ದಾಟಿದರೂ ಅದು ಇಳಿದಿಲ್ಲ.