ಗೊಂಬೆ ಕೂರಿಸುವಾಗಲೇ ಸೂಜಿ

ಇನ್ನೂ ಬೆಳಕು ಹರಿದಿಲ್ಲ. ಅಮೆರಿಕದ ರಾಲಿ ಊರಿನ ಅಂಚಿನಲ್ಲಿ ಮುದುಕರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಸಿದ್ದೇಶ್ವರಿ ಹಿರೇಮಠ ಕೈ ಉಜ್ಜಿಕೊಳ್ಳುತ್ತ ಬರುತ್ತಾರೆ. ಫೆಬ್ರವರಿಯ ಚಳಿಗೆ ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮವನ್ನು ಕೆರೆದು ಕೆರೆದು ಬೆರಳು ಮರಗಟ್ಟಿವೆ. ಕೋಟು ಬಿಚ್ಚುವ ಮೊದಲೇ ಉದ್ದನೆಯ ಕಾರಿಡಾರಿನಲ್ಲಿ ಒಂದು ಗಳಿಗೆ ನಿಂತು ಕಿವಿಗೊಡುತ್ತಾರೆ. ಯಾವ ಕೋಣೆಯಿಂದ ಕೆಮ್ಮು ಬರುತ್ತಿದೆ, ಅದು ನಿನ್ನೆಯದೇ ಕೆಮ್ಮೋ ಹೊಸದೋ ಎಂದು ತಿಳಿದುಕೊಂಡ ಮೇಲೆಯೇ ಅವರ ದಿನ ಶುರು.

ಮೊದಲ ಕೋಣೆಯ ಮಿಸೆಸ್ ಪರ್ಡೀಗೆ ತೊಂಬತ್ತರ ಹತ್ತಿರ. ಇವರ ಹೆಸರು ಅವರ ನಾಲಗೆಗೆ ಹೊರಳುವುದಿಲ್ಲ, ‘ಸಿಡ್ಡಿ’ ಎಂದೇ ಕರೆಯುತ್ತಾರೆ. ಸಿದ್ದೇಶ್ವರಿ ಅವರ ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸುತ್ತಾರೆ, ಮೈ ಬಿಸಿ ನೋಡುತ್ತಾರೆ, ಎದೆಯ ಸದ್ದು ಕೇಳುತ್ತಾರೆ. ಹೀಗೆ ಬೆಳಗಿನ ತಿಂಡಿಯೊಳಗೆ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಮುಟ್ಟಿ ಮಾತಾಡಿಸಬೇಕು. ಇವರಿಗೆಲ್ಲ ಅಕ್ಟೋಬರಿನಲ್ಲೇ ಫ್ಲೂ ಲಸಿಕೆಯ ಸೂಜಿ ಆಗಿದೆ. ಆದರೂ ಈ ವರ್ಷದ ಜ್ವರ ಸೂಜಿಯ ಲೆಕ್ಕಕ್ಕೆ ಪೂರ್ತಿ ಸಿಗದೆ, ಸ್ವಲ್ಪ ಬೇರೆ ವೇಷ ಹಾಕಿಕೊಂಡು ಬಂದಿದೆ ಎಂದು ಡಾಕ್ಟರುಗಳು ಹೇಳುತ್ತಿದ್ದಾರೆ. ಕೆಲವರು ಮಲಗಿದರು. ಅವರಲ್ಲಿ ಹೆಚ್ಚಿನವರು ಎದ್ದರು.

ಸಿದ್ದೇಶ್ವರಿ ಗದಗಿನ ಕಡೆಯವರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ರಸ್ತೆ ಇಂಜಿನಿಯರ್ ಗಂಡ ಕಲ್ಮೇಶರ ಜೊತೆ ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಅಲ್ಲಿನ ಓದು ಇಲ್ಲಿ ನಡೆಯುವುದಿಲ್ಲ ಎಂದಾಗ ಮತ್ತೆ ಪರೀಕ್ಷೆ ಕಟ್ಟಿದರು. ಪಾಸಾಗುವ ತನಕ ಇದೇ ನರ್ಸಿಂಗ್ ಹೋಮಿನಲ್ಲಿ ಮುದುಕರ ಮೈ ತೊಳೆಯುವ, ಬಟ್ಟೆ ಬದಲಿಸುವ ಕೆಲಸ. ಕನ್ನಡದವರ ಮನೆಗೆ ಊಟಕ್ಕೆ ಹೋದರೆ ‘ಇವರು ಆಸ್ಪತ್ರೇಲಿದಾರೆ’ ಎಂದು ಪರಿಚಯಿಸಿ ಮಾತು ತೇಲಿಸಿಬಿಡುತ್ತಿದ್ದರು. “ಮೈ ತೊಳಿಯೂದು ಸಣ್ಣ ಕೆಲಸ ಅಂತಾರ. ತಮ್ಮ ಅವ್ವನ ಮೈ ತೊಳಿಯೂ ದಿನ ಬಂದಾಗ ನನಗ ಫೋನ್ ಮಾಡ್ತಾರ” ಎಂದು ನಗುತ್ತಾರೆ. ಆ ನಗೆಯಲ್ಲಿ ಕಹಿಯಿಲ್ಲ.

ಫೋನ್ ಮಾತ್ರ ನಿಲ್ಲುವುದೇ ಇಲ್ಲ. ಅದರಲ್ಲೂ ಚಳಿಗಾಲದಲ್ಲಿ. “ಆಂಟಿ, ಅಮ್ಮಂಗೆ ನೂರಾ ಎರಡು ಟೆಂಪರೇಚರ್ ಇದೆ, ಆ ಫ್ಲೂ ಶಾಟ್ ಒಂದು ಹಾಕಿಬಿಡ್ತೀರಾ?” ಎಂದು ಕೇಳುವವರಿಗೆ ಲೆಕ್ಕವಿಲ್ಲ. ನಮ್ಮ ಜನಕ್ಕೆ ಸೂಜಿ ಎಂದರೆ ಜ್ವರ ಬಂದ ಮೇಲೆ ಹಾಕಿಸಿಕೊಳ್ಳುವಂಥದ್ದು. ಡಾಕ್ಟರ ಹತ್ತಿರ ಹೋಗಿ ಬರೀ ಮಾತ್ರೆ ಇಸಕೊಂಡು ಬಂದರೆ ‘ಒಂದು ಇಂಜೆಕ್ಷನ್ನೂ ಕೊಡಲಿಲ್ಲ’ ಎಂದು ಮುಖ ಸಣ್ಣಗೆ ಮಾಡುವ ಮಂದಿ ನಾವು. ಚೆನ್ನಾಗಿ ಓಡಾಡಿಕೊಂಡಿರುವಾಗ ಯಾರಾದರೂ ಚುಚ್ಚಿಸಿಕೊಳ್ಳುತ್ತಾರೆಯೇ? “ನಾನೂ ಹಂಗ ಬೆಳದಾಕಿ. ಸಣ್ಣಾಕಿದ್ದಾಗ ಡಾಕ್ಟರು ಸೂಜಿ ಹಾಕ್ಲಿಲ್ಲ ಅಂತ ನಮ್ಮ ಅಪ್ಪ ಇನ್ನೊಬ್ಬ ಡಾಕ್ಟರ್ ಕಡೆ ಕರ್ಕೊಂಡು ಹೋಗಿದ್ದ” ಎನ್ನುತ್ತಾರೆ ಸಿದ್ದೇಶ್ವರಿ.

ಬೆಂಕಿ ಬಿದ್ದಾಗ ಬಾವಿ ತೋಡುವ ಈ ಅಭ್ಯಾಸ ಹಿಂದಿನ ಚಳಿಗಾಲದಲ್ಲಿ ಒಂದು ಜೀವವನ್ನೇ ಅಂಚಿಗೆ ತಂದಿತ್ತು. ಕನ್ನಡ ಸಂಘದ ದೀಪಾವಳಿಗೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ, ಸೂಜಿಯ ಮೇಜೂ ಅಲ್ಲೇ ಇರಲಿ ಎಂದು ಸಮಿತಿಯವರು ಹೇಳಿದರು. ಸಿದ್ದೇಶ್ವರಿಯೂ ಹೂಂ ಎಂದರು. ಆದರೆ ನಮ್ಮ ಸಂಘಗಳ ದೀಪಾವಳಿ ಪಂಚಾಂಗ ಕೇಳುವುದಿಲ್ಲ, ಸ್ಕೂಲಿನ ಹಾಲ್ ಸಿಕ್ಕ ದಿನವೇ ನರಕ ಚತುರ್ದಶಿ. ಆ ಸಲ ಸಿಕ್ಕಿದ್ದು ನವೆಂಬರಿನ ಕೊನೆಯ ಶನಿವಾರ. ಅಷ್ಟರಲ್ಲಿ ಜ್ವರ ಊರೊಳಗೆ ಕಾಲಿಟ್ಟಿತ್ತು. ಮುಚ್ಚಿದ ಹಾಲಿನಲ್ಲಿ ಮುನ್ನೂರು ಜನ, ಮೂಗು ಸುರಿಸುವ ಮಕ್ಕಳು, ಬಿಸಿಬೇಳೆ ಭಾತಿನ ಸಾಲು, ಅದರ ಪಕ್ಕದಲ್ಲೇ ಸೂಜಿ.

ಅಂದು ತೋಳು ಕೊಟ್ಟವರಲ್ಲಿ ಸೂರ್ಯನಾರಾಯಣ ಒಬ್ಬರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿ, ಮಗಳು ವೇದಾ ಮನೆಯಲ್ಲಿ ಇರುವವರು. ಮೊದಲಿನಿಂದ ಉಬ್ಬಸ. ಮೂರನೆಯ ದಿನಕ್ಕೆ ಜ್ವರ ಹಿಡಿಯಿತು, ವಾರದೊಳಗೆ ನ್ಯುಮೋನಿಯಾ. ಗಂಟಲಿಗೆ ನಳಿಗೆ ಹಾಕಿ ಉಸಿರಾಡಿಸಿದರು. ಸಂಕ್ರಾಂತಿಗೆ ಮನೆಗೆ ಬಂದಾಗ ಅರ್ಧ ಆಳಾಗಿದ್ದರು. ಇನ್ನೊಂದು ಸಲ ಹೀಗಾದರೆ ಈ ಶ್ವಾಸಕೋಶ ತಡೆಯುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಊರಿನ ಕನ್ನಡದವರಿಗೆ ಮಾತ್ರ ಲೆಕ್ಕ ಸುಲಭವಾಗಿತ್ತು. ಸೂಜಿ ಹಾಕಿದರು, ಜ್ವರ ಬಂತು, ಹಾಗಾದರೆ ಜ್ವರ ತಂದದ್ದು ಸೂಜಿಯೇ. ಸೂರ್ಯನಾರಾಯಣರೂ ಇನ್ನು ಸತ್ತರೂ ಚುಚ್ಚಿಸಿಕೊಳ್ಳುವುದಿಲ್ಲ ಎಂದು ಕೂತರು. ಸಿದ್ದೇಶ್ವರಿಗೆ ತಮ್ಮ ಹೆಸರು ಕೆಟ್ಟಿದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. “ಜನ ಏನರೆ ಅನ್ಲಿ. ಆದ್ರ ಆ ಹಿರ್ಯಾ ಮುಂದಿನ ಚಳಿಗಾಲ ಹೆಂಗ ದಾಟ್ತಾರ? ನನಗ ನಿದ್ದಿ ಹತ್ತಲಿಲ್ಲ ನೋಡ್ರಿ.”

ಹೋದ ಸೆಪ್ಟೆಂಬರಿನಲ್ಲಿ ಅವರಿಗೊಂದು ಉಪಾಯ ಹೊಳೆಯಿತು. ಮದ್ದು ಬರುವುದು ಆ ತಿಂಗಳ ಕೊನೆಗೆ, ಆಗ ಪಿತೃಪಕ್ಷ, ಯಾರೂ ಹೊಸದಕ್ಕೆ ಕೈ ಹಾಕುವುದಿಲ್ಲ. ಅದು ಮುಗಿದರೆ ನವರಾತ್ರಿ. ಗೊಂಬೆ ಕೂರಿಸಿದ ಮನೆಗೆ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದೇ ಬರುತ್ತಾರೆ. ಗಂಡಸರು ಕಾರು ಓಡಿಸಿಕೊಂಡು ಬಂದು ಪಕ್ಕದ ಕೋಣೆಯಲ್ಲಿ ಕೂತು ವೀಸಾ, ಗ್ರೀನ್ ಕಾರ್ಡಿನ ಗೋಳು ಹೇಳಿಕೊಳ್ಳುತ್ತಾರೆ. ಸೂಜಿ ಆದ ಮೇಲೆ ಸ್ವಲ್ಪ ಹೊತ್ತು ಕೂತಿರಬೇಕು ಎಂಬುದು ನಿಯಮ. ಗೊಂಬೆ ಮನೆಯಲ್ಲಿ ಉಸಲಿ ತಿನ್ನದೆ ಏಳುವವರು ಯಾರಿದ್ದಾರೆ? ಊರಿನಲ್ಲೇ ಇರುವ ಕನ್ನಡದ ಡಾಕ್ಟರ್ ಗುರುಶಾಂತಪ್ಪನವರಿಂದ ಸೂಜಿ ಹಾಕಲು ಸಹಿ ಪಡೆದು, ಐಸು ತುಂಬಿದ ಡಬ್ಬಿ ಹೊತ್ತುಕೊಂಡು, ರೇಷ್ಮೆ ಸೀರೆಯುಟ್ಟು ಸಿದ್ದೇಶ್ವರಿ ಹೊರಟೇಬಿಟ್ಟರು.

ತೊಡಕು ಇಲ್ಲದಿರಲಿಲ್ಲ. ಈ ಮದ್ದು ಬೆಳೆಯುವುದು ಕೋಳಿಮೊಟ್ಟೆಯಲ್ಲಿ. ಮೊಟ್ಟೆ ಒಗ್ಗದವರಿಗೂ ಹಾಕಬಹುದು ಎಂದು ಈಗ ಹೇಳುತ್ತಾರೆ, ಆದರೂ ಸಿದ್ದೇಶ್ವರಿ ಮೊದಲೇ ಕೇಳಿಕೊಳ್ಳುತ್ತಾರೆ. ನವರಾತ್ರಿಯ ಸಂಜೆ, ಮಡಿಯುಟ್ಟ ಅಜ್ಜಿಯನ್ನು ‘ಮೊಟ್ಟೆ ತಿಂದರೆ ಮೈ ತುರಿಸ್ತದೇನ್ರಿ’ ಎಂದು ಕೇಳಿದರೆ ಏನಾಗಬೇಕು! “ತಿಂದಿದ್ರೆ ತಾನೇ ಗೊತ್ತಾಗೋದು” ಎಂದು ಒಬ್ಬರು ಗೊಂಬೆಗಳ ಕಡೆ ತಿರುಗಿ ಕೂತರಂತೆ. ಸಿದ್ದೇಶ್ವರಿ ಮುಚ್ಚಿಡಲಿಲ್ಲ. “ನಾನೂ ಲಿಂಗಾ ಕಟ್ಟಿದಾಕಿ. ಮೊಟ್ಟಿ ಮುಟ್ಟಂಗಿಲ್ಲ. ಆದ್ರ ಇದನ್ನ ವರ್ಷಾ ಹಾಕ್ಸ್ಕೋತೀನಿ. ಬ್ಯಾಡ ಅಂದ್ರ ಬ್ಯಾಡ, ಸಿಟ್ಟಿಲ್ಲ” ಎಂದರು. ಅರ್ಧಕ್ಕಿಂತ ಹೆಚ್ಚು ಮಂದಿ ಸೆರಗು ಸರಿಸಿದರು.

ಮೂರನೆಯ ಸಂಜೆ ವೇದಾ ಮನೆ. “ಅಪ್ಪ ಏನ್ ಹೇಳಿದ್ರೂ ಕನ್ವಿನ್ಸ್ ಆಗ್ತಿಲ್ಲ ಆಂಟಿ, ನೀವ್ ಬರ್ತೀರಾ ಅಂತ ರೂಮಿಂದಾನೇ ಆಚೆ ಬರ್ತಿಲ್ಲ” ಎಂದು ವೇದಾ ಕಣ್ಣು ತುಂಬಿಕೊಂಡರು. ಸಿದ್ದೇಶ್ವರಿ ಬಾಗಿಲು ತಟ್ಟಲಿಲ್ಲ. ವೇದಾಗೆ, ಅವರ ಗಂಡ ಗುರುದತ್‌ಗೆ, ಬಂದವರಿಗೆ ಹಾಕುತ್ತಾ ಹೋದರು. ಮನೆಮಂದಿಗೆ ಬಾರದಿದ್ದರೆ ಮುದುಕರಿಗೂ ಅಷ್ಟು ಕಾವಲು ಎಂಬುದು ಅವರ ಲೆಕ್ಕ. ಕಡೆಗೆ ಬಾಗಿಲು ತಾನಾಗಿ ತೆರೆಯಿತು.

“ಹೋದ ವರ್ಷ ಹಾಕಿದ್ದು ಏನಮ್ಮಾ ಹಾಗಾದ್ರೆ? ನೀರಾ?” ಸೂರ್ಯನಾರಾಯಣ ಎಲ್ಲರೆದುರಿಗೇ ಕೇಳಿದರು.

“ನೀರಲ್ರಿ, ಮದ್ದ ಇತ್ತು. ಅದು ಮೈಯಾಗ ಕೆಲಸಕ್ಕ ಹತ್ತಾಕ ಎರಡು ವಾರ ಬೇಕು. ಅವತ್ತು ಜ್ವರ ನಿಮ್ಮ ಬಾಜೂ ಕುರ್ಚಿಗೇ ಬಂದು ಕುಂತಿತ್ತು. ಭಾಳ ತಡಾ ಮಾಡಿದ್ವಿ.”

ಮುದುಕರು ಕುರ್ಚಿ ಎಳೆದುಕೊಂಡು ಕೂತರು. “ಅಂದ್ರೆ ಗಾಡಿ ಬಂದ ಮೇಲೆ ಗೇಟ್ ಹಾಕಿದ ಹಾಗಾಯ್ತು.”

“ಹೂಂರಿ.”

“ಈ ಸಲ ಗಾಡಿ ಎಲ್ಲಿದೆ?”

“ಇನ್ನೂ ದೂರ ಐತ್ರಿ.”

ಸೂರ್ಯನಾರಾಯಣ ಅಂಗಿಯ ತೋಳು ಮಡಿಸಿದರು. ಕೈ ನೋಯಬಹುದು, ಮೈ ಸ್ವಲ್ಪ ಬಿಸಿಯಾಗಬಹುದು, ಇಷ್ಟಾದರೂ ಜ್ವರ ಬರುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದು ಸಿದ್ದೇಶ್ವರಿ ಮೊದಲೇ ಹೇಳಿದರು.

ಜನವರಿಯಲ್ಲಿ ಜ್ವರ ಬಂದೇ ಬಂತು, ವೇದಾ ಮನೆಗೂ ಹೊಕ್ಕಿತು. ಭಾನುವಾರ ಬೆಳಿಗ್ಗೆ ಸಿದ್ದೇಶ್ವರಿ ರೊಟ್ಟಿ ಬಡಿಯುತ್ತಿದ್ದಾಗ ಫೋನ್. ಅತ್ತ ಕಡೆ ಸೂರ್ಯನಾರಾಯಣ. ನಡುನಡುವೆ ಕೆಮ್ಮು. “ಏನಮ್ಮಾ ಇದು? ಅಷ್ಟೆಲ್ಲ ಮಾಡಿಸ್ಕೊಂಡೂ ಮಲಗಿದೀನಿ! ಮೈಕೈಯೆಲ್ಲ ನೋವು, ಕಾಫಿ ರುಚಿಸ್ತಿಲ್ಲ, ಯಾವ ಸೀಮೆ ಮದ್ದಮ್ಮಾ ನಿಮ್ದು?” ಉಸಿರಿಗೆ ತೊಂದರೆಯೇ, ನಡೆದರೆ ಏದುಸಿರೇ ಎಂದು ಇವರು ಒಂದೊಂದಾಗಿ ಕೇಳಿದರು. “ಮಹಡಿ ಇಳಿದು ಬಂದೇ ಮಾತಾಡ್ತಿರೋದು!” ಎಂದು ಗದರಿಕೊಂಡು ಮುದುಕರು ಮತ್ತಷ್ಟು ಬೈದರು. ಡಾಕ್ಟರಿಗೆ ತೋರಿಸಿದ್ದಾಯಿತು, ಎದೆಯಲ್ಲಿ ಕಫ ಕಟ್ಟಿರಲಿಲ್ಲ. ಐದಾರು ದಿನ ಮಲಗಿ ಎದ್ದರು. ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಫೋನ್ ಇಟ್ಟ ಮೇಲೆ ಸಿದ್ದೇಶ್ವರಿ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತು ಅತ್ತರು. ಇದೆಲ್ಲ ಸೂಜಿಯದೇ ಪುಣ್ಯ ಎಂದು ಅವರು ಈಗಲೂ ಹೇಳುವುದಿಲ್ಲ. ಹಾಕಿಸಿಕೊಳ್ಳದಿದ್ದರೆ ಏನಾಗುತ್ತಿತ್ತು ಎಂದು ಬಲ್ಲವರು ಯಾರು? ಮುಂದಿನ ನವರಾತ್ರಿಗೂ ಹೋಗುತ್ತೀರಾ ಎಂದರೆ ಹೂಂ ಎಂದು ತಲೆಯಾಡಿಸುತ್ತಾರೆ.

“ಹಿಂದಿನ ವರ್ಷ ನೋಡಾಕ ಹೋದ್ರ ಗಂಟಲದಾಗ ನಳಿಗಿ, ಒಂದು ಮಾತಾಡ್ಲಿಲ್ಲ ಮನಷ್ಯಾ. ಈ ಸಲ ನನ್ನ ಬೈಯಾಕ ಉಸಿರಿತ್ತು” ಎನ್ನುತ್ತಾರೆ. “ಬೈಲಿ ಬಿಡ್ರಿ. ವರ್ಷಾ ಬೈಲಿ.”